ತಿರುವಿಗೆ ಮುಂಚೆ

ಡ್ರೈವಿಂಗ್ ಕಲಿಸುವ ಅವರನ್ನು ಎಲ್ಲರೂ ‘ಆಮೆ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಬೇರೆ ಕಡೆ ವಾರಗಳಲ್ಲಿ ಮುಗಿಯುವ ಪಾಠ ಅವರಲ್ಲಿ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಮೊದಮೊದಲು ಶಿಷ್ಯರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ರಸ್ತೆ ನೋಡುವುದನ್ನಷ್ಟೇ ಕಲಿಸುತ್ತಿದ್ದರು. ನಿಂತ ಬಸ್ಸಿನ ಮರೆಯಿಂದ ಯಾರು ಓಡಿಬರಬಹುದು? ಚೆಂಡು ಉರುಳಿ ಬಂದರೆ ಅದರ ಹಿಂದೆ ಏನು ಬರುತ್ತದೆ?

“ನಾನು ಸ್ಟೀರಿಂಗ್ ಮುಟ್ಟೋ ಹೊತ್ತಿಗೆ ಮೊಮ್ಮಕ್ಕಳಾಗಿರ್ತಾರೆ ಮೇಷ್ಟ್ರೇ,” ಎಂದು ಶಿಷ್ಯೆಯೊಬ್ಬಳು ತಮಾಷೆ ಮಾಡಿದ್ದಳು.

ಅವರಿಗೊಬ್ಬ ತಮ್ಮ. ಅಪ್ಪ ತೀರಿಕೊಂಡ ಮೇಲೆ ಮಗನಂತೆ ಸಾಕಿದ ತಮ್ಮ. ಬೇಕರಿಯ ವ್ಯಾನಿನಲ್ಲಿ ಬ್ರೆಡ್ಡನ್ನು ಅಂಗಡಿಗಳಿಗೆ ಹಂಚುವ ಕೆಲಸ ಅವನಿಗೆ ಸಿಕ್ಕಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅಣ್ಣನ ಬಳಿ ಕಲಿಯಲು ಅವನು ಒಪ್ಪಲೇ ಇಲ್ಲ. ಗೆಳೆಯನ ವ್ಯಾನಿನಲ್ಲಿ ಒಂದಿಷ್ಟು ಕೈ ಪಳಗಿಸಿಕೊಂಡ. ದಲ್ಲಾಳಿಯ ಕೈ ಬೆಚ್ಚಗೆ ಮಾಡಿ, ಪರೀಕ್ಷೆಯಿಲ್ಲದೆಯೇ ಲೈಸೆನ್ಸ್ ತಂದ.

“ಒಂದು ವಾರ ನನ್ನ ಜೊತೆ ಬಾರೋ,” ಮೇಷ್ಟ್ರು ಕರೆದರು.

“ಅಣ್ಣಾ, ನೀನು ಹೇಳ್ದಂಗೆ ಓಡಿಸಿದ್ರೆ, ಅಂಗಡಿ ತಲುಪೋ ಹೊತ್ತಿಗೆ ಬ್ರೆಡ್ಡು ರಸ್ಕ್ ಆಗಿರುತ್ತೆ!”

ಇಬ್ಬರೂ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಒಂದು ಬೆಳಿಗ್ಗೆ, ಆಗಷ್ಟೇ ಮಳೆ ನಿಂತಿದ್ದ ಹೊತ್ತಿನಲ್ಲಿ, ಸೇತುವೆಯಾಚೆಯ ತಿರುವಿನಲ್ಲಿ ವ್ಯಾನು ಜಾರಿ ಮರಕ್ಕೆ ಬಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಮ್ಮನ ಉಸಿರು ನಿಂತಿತ್ತು. ಮೇಷ್ಟ್ರು ಆ ಜಾಗಕ್ಕೆ ಹೋದಾಗ ರಸ್ತೆ ತುಂಬ ಬ್ರೆಡ್ಡಿನ ಪೊಟ್ಟಣಗಳು. ಯಾರೋ ಅಪರಿಚಿತ ಮುದುಕ ಅವನ್ನು ಒಂದೊಂದಾಗಿ ಎತ್ತಿ, ಬದಿಯಲ್ಲಿ ನೀಟಾಗಿ ಜೋಡಿಸುತ್ತಿದ್ದ.

ಕೆಲವು ತಿಂಗಳ ನಂತರ ತಮ್ಮನ ಹೆಂಡತಿ ಬಂದು ಬಾಗಿಲ ಬಳಿ ನಿಂತಳು.

“ಬೇಕರಿಯವರು ಅದೇ ಕೆಲಸ ನನಗೆ ಕೊಡ್ತಾರಂತೆ ಭಾವ. ವ್ಯಾನು ಅವರದೇ. ಓಡಿಸೋದು ಕಲಿಸ್ತೀರಾ?”

ಒಳಗಿನಿಂದ ಮೇಷ್ಟ್ರ ಅಮ್ಮ ಕೂಗಿದರು: “ಆ ರಸ್ತೆ ಒಬ್ಬನನ್ನ ನುಂಗಿದ್ದು ಸಾಲದೇನೇ?”

ಮೇಷ್ಟ್ರು ಒಮ್ಮೆ ಒಳಗೆ ತಿರುಗಿ ನೋಡಿ, “ನಾಳೆ ಬಾಮ್ಮ,” ಅಂದರು.

ಅವಳು ಬೇಗ ಕಲಿತಳು. ಒಂದು ದಿನ ತಾನಾಗಿಯೇ ಕಾರನ್ನು ಸೇತುವೆ ದಾಟಿಸಿ, ಆ ತಿರುವು ಕಾಣುವಲ್ಲಿ ನಿಲ್ಲಿಸಿದಳು.

“ಅವತ್ತು ಅವರು ಮಾಡಿದ ತಪ್ಪೇನು ಭಾವ?”

“ಯಾಕಮ್ಮ ಈಗ ಅದೆಲ್ಲ?”

“ನನಗೆ ಗೊತ್ತಾಗ್ಬೇಕು.”

ಮೇಷ್ಟ್ರು ತಿರುವಿನತ್ತ ಕೈ ತೋರಿಸಿದರು. “ತಿರುವಿನೊಳಗೆ ಬಂದ ಮೇಲೆ ಜೋರಾಗಿ ಬ್ರೇಕ್ ಒತ್ತಿದಾನೆ. ಒದ್ದೆ ರಸ್ತೇಲಿ ಚಕ್ರ ಹಿಡಿತ ಬಿಟ್ಟುಬಿಡುತ್ತೆ. ತಿರುವಿಗೆ ಮುಂಚೆ, ರಸ್ತೆ ನೆಟ್ಟಗಿರುವಾಗ್ಲೇ ವೇಗ ಇಳಿಸ್ಕೋಬೇಕು.”

“ಇಷ್ಟೇನಾ?”

“ಇಷ್ಟೇ ಕಣಮ್ಮ.”

“ಇಷ್ಟು ಗೊತ್ತಿದ್ದಿದ್ರೆ ಮನೆಗೆ ಬರ್ತಿದ್ರಾ?”

ಅವಳು ಸ್ಟೀರಿಂಗಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಮೇಷ್ಟ್ರು ಇಳಿದು ಕಾರಿನ ಹಿಂದೆ ನಿಂತು, ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಿಂದ ಅವುಗಳಿಗೆ ಪಕ್ಕದಿಂದ ಹೋಗಲು ದಾರಿ ತೋರಿಸಿದರು. ಅವರು ಮರಳಿ ಕುಳಿತಾಗ ಅವಳು ಮುಖ ಒರೆಸಿಕೊಂಡು ಗೇರ್ ಹಾಕಿದಳು. ಆ ತಿರುವನ್ನು ಅಂದು ಮತ್ತೆ ಮತ್ತೆ ದಾಟಿದಳು. ಸಾಕು ಅಂದರೂ ಕೇಳಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಏರಿನಲ್ಲಿ ಎಂಜಿನ್ ಆಫ್ ಆಗಿ ನಪಾಸಾದಳು. ಎರಡನೆಯದರಲ್ಲಿ ಗೆದ್ದಳು. ಈಗ ದಿನಾ ಬ್ರೆಡ್ಡು ಹಂಚುತ್ತಾಳೆ. ವ್ಯಾನು ಹೊರಡುವ ಸದ್ದಾದರೆ ಅತ್ತೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ.

ಒಮ್ಮೊಮ್ಮೆ ಊಟಕ್ಕೆ ಕೂತಾಗ ಮೇಷ್ಟ್ರು, “ಬೈದಾದ್ರೂ ಕರ್ಕೊಂಡು ಹೋಗ್ಬೇಕಿತ್ತು ಅವನನ್ನ,” ಅನ್ನುತ್ತಾರೆ.

“ಅವರು ಬರ್ತಿರ್ಲಿಲ್ಲ ಬಿಡಿ ಭಾವ,” ಅವಳು ಲೋಟಕ್ಕೆ ನೀರು ಬಗ್ಗಿಸುತ್ತ ಹೇಳುತ್ತಾಳೆ.

ಅದು ನಿಜವೆಂದು ಅವರಿಗೂ ಗೊತ್ತು. ಆದರೂ ಮತ್ತೊಂದು ದಿನ ಊಟಕ್ಕೆ ಕೂತಾಗ ಅದೇ ಮಾತು ಬರುತ್ತದೆ.