ಗಂಗಕ್ಕನ 'ಆಮೇಲ್'

ಗಂಜಿ ಹಾಕಿದ ಬಿಳಿ ಸೀರೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡುವಾಗ ಒಂದು ವಾಸನೆ ಏಳುತ್ತದೆ. ತಳ ಹಿಡಿಯಲು ಹೊರಟು ಮನಸ್ಸು ಬದಲಿಸಿದ ಅನ್ನದ ವಾಸನೆ. ನಿಮಗೂ ಗೊತ್ತಿರಬಹುದು. ಚಿತ್ರದುರ್ಗದ ನಮ್ಮ ಮನೆಯಲ್ಲಿ ಭಾನುವಾರ ಬಂದದ್ದು ನನಗೆ ತಿಳಿಯುವುದು ಅದರಿಂದಲೇ. ಅಮ್ಮ ಚರ್ಚಿಗೆ ಹೊರಡುತ್ತಿದ್ದಾಳೆ ಎಂದು ಅದರ ಅರ್ಥ. ನಾನು ಹೊರಡುವುದಿಲ್ಲ ಎಂದೂ ಅರ್ಥ. ಕಳೆದ ವರ್ಷ ನನ್ನ ಹೆಂಡತಿ ಕೃಪಾಳನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ. ನಂಬಿಕೆ ಬಿಟ್ಟೆ ಎನ್ನಲಾರೆ. ಬಿಡುವುದಕ್ಕೂ ಒಂದು ಧೈರ್ಯ ಬೇಕು. ಭಾನುವಾರ ಮುಸುಕು ಹಾಕಿಕೊಂಡು ಮಲಗುತ್ತೇನೆ, ಅಷ್ಟೆ. ಐವತ್ತು ದಾಟಿದವನಿಗೆ ಒಪ್ಪುವ ಕೆಲಸವಲ್ಲ. ಒಳಗೊಳಗೇ ಅಮ್ಮನ ಮೇಲೆ ಸಿಟ್ಟೂ ಇತ್ತು. ಸೊಸೆ ತೀರಿಕೊಂಡ ವಾರವೂ ಈಕೆ ಇಸ್ತ್ರಿ ಮಾಡಿ ಹೊರಟಳಲ್ಲ, ಏನೂ ತಾಗಲೇ ಇಲ್ಲವೇ?

ಈ ವಾರ ಮುಸುಕಿನೊಳಗೆ ನೆನಪಾದವಳು ಗಂಗಕ್ಕ.

ನಾನು ಹುಡುಗನಾಗಿದ್ದಾಗ ಹೊಳಲ್ಕೆರೆಯಲ್ಲಿ ನಮ್ಮ ಪಕ್ಕದ ಮನೆಯವಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ದವಡೆಯಲ್ಲಿ ಎಲೆಯಡಿಕೆ. ಆ ಬೀದಿಗೆ ಕ್ರೈಸ್ತರೆಂದರೆ ನಾವೊಬ್ಬರೇ. ಚರ್ಚಿಗೆ ದುರ್ಗಕ್ಕೆ ಬರಬೇಕು, ಅದೂ ಬಸ್ಸು ಸಿಕ್ಕರೆ. ಹಾಗಾಗಿ ದಿನಾ ಸಂಜೆ ಮನೆಯಲ್ಲೇ ಪ್ರಾರ್ಥನೆ. ಅಮ್ಮ ಕಣ್ಣು ಮುಚ್ಚಿದಳೆಂದರೆ ಗಂಗಕ್ಕ ಬಂದು ಹೊಸ್ತಿಲಾಚೆ ಕೂರುವಳು. ಯಾವ ದೇವರೇ ಆಗಲಿ, ದೇವರ ಮಾತಿನ ನಡುವೆ ಎದ್ದು ಹೋಗಬಾರದು ಎಂಬುದು ಅವಳ ಕಟ್ಟಳೆ. ಅಮ್ಮ 'ಆಮೆನ್' ಎಂದ ಮೇಲೆಯೇ ಸೊಂಟ ಹಿಡಿದುಕೊಂಡು ಏಳುವಳು. ಆದರೆ ಅವಳ ಕಿವಿಗೆ ಬಿದ್ದದ್ದು ಆಮೆನ್ ಅಲ್ಲ, 'ಆಮೇಲ್'. ಈಗ ಬೇಡ, ಆಮೇಲೆ ನೋಡೋಣ ಎನ್ನುತ್ತೇವಲ್ಲ, ಆ ಆಮೇಲ್.

"ನಿಮ್ದು ಚಲೋ ಐತೆ ಕಣೇ ರತ್ನಿ," ಎನ್ನುವಳು ಅಮ್ಮನಿಗೆ. "ಕೇಳೋದೆಲ್ಲ ಕೇಳಿ ಕೊನೀಗೆ ಆಮೇಲ್ ಅಂತೀರಿ. ನಾವು ನೋಡು, ಈಗಿಂದೀಗ್ಲೇ ಕೊಡು ಅಂತ ಕುಂತ್ಕಂತೀವಿ."

ಅಪ್ಪ ತಿದ್ದಲು ನೋಡುತ್ತಿದ್ದ. "ಗಂಗಕ್ಕಾ, ಅದು ಆಮೆನ್. ಹಂಗೇ ಆಗ್ಲಿ ಅಂತ."

"ಅದೇ ಕಣಪ್ಪ, ಆಗ್ಲಿ. ಯಾವಾಗ? ಆಮೇಲ್!"

ಅಪ್ಪ ರಾಮಗಿರಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಒಂದು ಬೇಸಗೆಯಲ್ಲಿ ಅವನ ಕಣ್ಣು ಹಳದಿಯಾಯಿತು. ತಾಳ್ಯದ ಕಡೆಯ ಬೇರು ಅರೆದು ಕುಡಿಸಿದರು, ದುರ್ಗದ ಆಸ್ಪತ್ರೆಗೂ ಸೇರಿಸಿದರು. ಅಮ್ಮ ಬೀದಿಗೆಲ್ಲ ಕೇಳುವಂತೆ ಪ್ರಾರ್ಥಿಸಿದಳು. ಬದುಕಿಸು ಎಂದಳು; ಅದಕ್ಕಿಂತ ಕಡಿಮೆ ಏನನ್ನೂ ಕೇಳಲಿಲ್ಲ. ಅಪ್ಪ ಹೋದ.

ಇಲ್ಲಿಂದ ಮುಂದೆ ನನ್ನನ್ನು ಪೂರ್ತಿ ನಂಬಬೇಡಿ. ನನ್ನ ನೆನಪಿಗೆ ಎಲ್ಲವನ್ನೂ ಮಡಿಸಿ ಒಪ್ಪವಾಗಿಡುವ ಚಟವಿದೆ. ಬಂದ ನೆಂಟರೆಲ್ಲ ಹೋದ ಮೇಲಿನ ಸಂಜೆ ಅಮ್ಮ ಮತ್ತೆ ಕಣ್ಣು ಮುಚ್ಚಿ ಕೂತಳು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ನಾನು, ತಂಗಿ ಗೋಡೆಗೊರಗಿದ್ದೆವು. ಗಂಗಕ್ಕ ಹೊಸ್ತಿಲಾಚೆ. ಪ್ರಾರ್ಥನೆ ಮುಗಿಯಲೊಲ್ಲದು. ಬೀದಿಯಲ್ಲಿ ಕುರಿಗಳು ಹಿಂತಿರುಗಿದವು. ಅಥವಾ ಕುರಿಗಳನ್ನು ನಾನೀಗ ಸೇರಿಸುತ್ತಿರಬಹುದು.

"ಲೇ ರತ್ನಿ," ಎಂದಳು ಗಂಗಕ್ಕ. "ಆಮೇಲ್ ಅನ್ನೇ."

ಅಮ್ಮ ಕಣ್ಣು ತೆರೆದಳು. "ಆಮೇಲ್ ಏನೈತೆ ಗಂಗಕ್ಕ?"

"ನಂಗೇನ್ ಗೊತ್ತವ್ವಾ? ನಿನ್ನ ದೇವ್ರು, ನೀನು. ನೀನಂದ್ರೆ ನಾನು ಎದ್ದೋಗಿ ಮುದ್ದೆಗೆ ಎಸರಿಡ್ತೀನಿ. ಅನ್ಲಿಲ್ಲ ಅಂದ್ರೆ ಇಲ್ಲೇ ಕುಂತಿರ್ತೀನಿ. ನಮ್ಮೆಜಮಾನ್ರು ಉಪಾಸ."

ಅಮ್ಮ ನಕ್ಕಳೋ ಅತ್ತಳೋ, ಆ ಮಾತು ಅಂದಳು. ಗಂಗಕ್ಕ ಎದ್ದು ಹೋದಳು.

ಆದರೆ ಅಂದದ್ದು ಯಾವ ಮಾತು? ಆಮೆನ್ ಎಂದಿದ್ದರೆ, ಆದದ್ದಕ್ಕೆಲ್ಲ ತಲೆಬಾಗಿದಳು. ಆಮೇಲ್ ಎಂದಿದ್ದರೆ, ದೇವರೊಡನೆ ಜಗಳವನ್ನು ಮುಂದಕ್ಕೆ ಹಾಕಿದಳು. ಮುಸುಕಿನೊಳಗಿನವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹೊಸದುರ್ಗದಲ್ಲಿರುವ ತಂಗಿಗೆ ಫೋನು ಮಾಡಿದೆ. "ಅಣ್ಣಾ, ಅಮ್ಮ ಏನೂ ಅನ್ಲಿಲ್ಲ. ಅಂದೋಳು ನಾನು. ಹೊಟ್ಟೆ ಹಸಿದಿತ್ತು," ಎಂದಳು. ಇದೊಂದು ಹೊಸ ತೊಡಕು.

ಎದ್ದು ಅಮ್ಮನನ್ನೇ ಕೇಳಿದೆ. ಅವಳು ಸೆರಗಿನ ಅಂಚಿಗೆ ಇಸ್ತ್ರಿ ಒತ್ತುತ್ತಿದ್ದಳು.

"ಅವತ್ತು ನಾನು ಪ್ರಾರ್ಥನೆ ಮಾಡ್ತಿದ್ದೆ ಅಂತ ಯಾರಂದ್ರು ನಿಂಗೆ?" ಎಂದಳು. "ಬರೀ ತುಟಿ ಅಲ್ಲಾಡಿಸ್ತಿದ್ದೆ. ನೀವಿಬ್ರೂ ನನ್ನ ಬಾಯೇ ನೋಡ್ತಾ ಕುಂತಿದ್ರಿ. ನಿಲ್ಸಿದ್ರೆ ಹೆದರ್ಕಂತಿದ್ರಿ."

"ಮತ್ತೆ ನಂಬಿಕೆ ಬಂದದ್ದು ಯಾವಾಗ?"

"ಬಂತು, ಹೋತು. ಮತ್ತೆ ಬಂತು. ಕೃಪಾ ಹೋದಾಗ್ಲೂ ಹೋತು."

ಒಂದು ವರ್ಷ ಅವಳ ಬಿಳಿ ಸೀರೆಯನ್ನು ನೋಡಿ ಸಿಟ್ಟಾಗಿದ್ದೆ. ಅದರೊಳಗೆ ಏನಿದೆಯೆಂದು ಕೇಳಿರಲಿಲ್ಲ.

"ನಂಬಿಕೆ ಹೋದ್ಮೇಲೆ ಚರ್ಚಿಗ್ಯಾಕೆ ಹೋಗ್ತೀಯಾ?"

"ಮನೇಲಿ ಕುಂತ್ರೆ ಅದು ನನ್ನ ಎಲ್ಲಿ ಹುಡುಕ್ಬೇಕಪ್ಪ?" ಎಂದು ಪ್ಲಗ್ಗು ಕಿತ್ತಳು. "ಆಟೋದವ್ನು ಬಂದವ್ನೆ. ಬರ್ತೀಯೋ, ಹೋಗ್ಲೋ?"

ಆಕೆ ಹೇಳಿದ್ದು ನನಗೆ ಅರ್ಥವಾಯಿತು ಎಂದು ಬರೆಯಲು ಆಸೆಯಿದೆ. ಆಗಲಿಲ್ಲ. ನೆರಿಗೆ ಬಿದ್ದ ಅಂಗಿಯಲ್ಲೇ ಆಟೋ ಹತ್ತಿದೆ. ಕೊನೆಯ ಬೆಂಚಿನಲ್ಲಿ ಕೂತೆವು. ಎಲ್ಲರೂ ತಲೆ ತಗ್ಗಿಸಿದಾಗ ನಾನೂ ತಗ್ಗಿಸಿದೆ. ದೇವರನ್ನು ಏನೂ ಕೇಳಬಾರದೆಂದೇ ನಿಶ್ಚಯಿಸಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮ ಮೊಣಕೈಯಿಂದ ತಿವಿದಳು.

"ಮೆತ್ತಗಪ್ಪಾ," ಎಂದಳು. "ಮುಂದಿನೋರು ತಿರುಗಿ ನೋಡ್ತವ್ರೆ."

ಬಾಯಿ ಮುಚ್ಚಿದೆ. ಏನು ಹೇಳುತ್ತಿದ್ದೆನೋ, ಬೈಯುತ್ತಿದ್ದೆನೋ ಬೇಡುತ್ತಿದ್ದೆನೋ, ಈಗಲೂ ತಿಳಿಯದು. ಅವಳು ನಡುವೆ ತಡೆದದ್ದಕ್ಕೆ ಸಿಟ್ಟು ಬಂದದ್ದು ಮಾತ್ರ ಗೊತ್ತು. ನನ್ನದಿನ್ನೂ ಮುಗಿದಿರಲಿಲ್ಲ.