ತಾಯಿ ತೀವ್ರ ಅಸ್ವಸ್ಥ

ಆ ದಿನ ನಳಕ್ಕೆ ನೀರು ಬರುವ ದಿನ. ಕಲಬುರಗಿಯ ನಮ್ಮ ಓಣಿಗೆ ಆಗ ಮೂರು ದಿನಕ್ಕೊಮ್ಮೆ, ಬೆಳಗಿನ ಆರಕ್ಕೆ ನೀರು ಬಿಡುತ್ತಿದ್ದರು. ಎರಡು ಹಂಡೆ, ಒಂದು ಡ್ರಮ್ಮು ತುಂಬಿ, ಕುಡಿಯುವ ನೀರಿನ ಕೊಡಕ್ಕೆ ಹಳೆಯ ಧೋತರದ ತುಂಡು ಕಟ್ಟಿ ಸೋಸಿಕೊಂಡು, ರೊಟ್ಟಿ ತಟ್ಟಲು ಕೂತಾಗ ಏಳು ದಾಟಿತ್ತು. ಯಜಮಾನರ ಡಬ್ಬಿಗೆ ನಾಲ್ಕು ಜೋಳದ ರೊಟ್ಟಿ, ಪುಂಡಿ ಪಲ್ಯ. ಮಗಳ ಡಬ್ಬಿಗೆ ಚಪಾತಿ. ಸಾಲೆಗೆ ರೊಟ್ಟಿ ಒಯ್ದರೆ ಜೊತೆಯ ಹುಡುಗಿಯರು ನಗುತ್ತಾರಂತೆ. ಅವರಿಬ್ಬರೂ ಹೋದ ಮೇಲೆ, ತಣ್ಣಗಾಗುತ್ತಿದ್ದ ಹಂಚಿನ ಮುಂದೆ ಚಹಾ ಕುಡಿಯುತ್ತ ಕೂತಿದ್ದೆ. ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಕೂಗಿದಳು.

"ವೈನೀ, ಯಾರೋ ಸಿಸ್ಟರ್ ಬಾಯಿ ಬಂದು ನಿಮ್ಮ ಮನಿ ಕೇಳಾಕತ್ತಾರ ನೋಡ್ರಿ. ಚಂದಾ ಕೇಳವರು ಅದಾರೋ ಏನೋ, ಬಾಗಿಲಾ ತೆರೀಬ್ಯಾಡ್ರಿ."

ನಾನು ಬಾಗಿಲು ತೆರೆದೆ. ಬೂದು ಬಣ್ಣದ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಕಾಲಲ್ಲಿ ರಬ್ಬರ್ ಚಪ್ಪಲಿ. ಏಳು ವರ್ಷದ ಬಿಸಿಲಿಗೆ ಮುಖ ಒಣಗಿ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಒಂದನೆಯ ಇಯತ್ತೆಯಿಂದ ಹತ್ತನೆಯವರೆಗೆ ಕಾನ್ವೆಂಟಿನಲ್ಲಿ ನನ್ನ ಬೆಂಚಿನಲ್ಲೇ ಕೂತವಳು ಇವಳು. ಅವಳ ತಂದೆ ಕಮಲಾಪುರದಲ್ಲಿ ಅವರ ಸಣ್ಣ ಚರ್ಚಿನ ಉಪದೇಶಿ. ಮಗಳನ್ನು ಬೋರ್ಡಿಂಗಿನಲ್ಲಿಟ್ಟು ಓದಿಸಿದ್ದರು. ನಾನು ಮದುವೆಯಾದ ವರ್ಷ ಅವಳು ಮಠ ಸೇರಿದಳು, ನರ್ಸಿಂಗ್ ಕಲಿತಳು, ಆಮೇಲೆ ಅವಳನ್ನು ಆಫ್ರಿಕಾದ ದಕ್ಷಿಣದ ಜಾಂಬಿಯಾ ದೇಶಕ್ಕೆ, ಒಂದು ಹಳ್ಳಿಯ ಮಿಷನ್ನಿಗೆ ಕಳಿಸಿದರು.

ಅವಳು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅವ್ವ ಅದಾಳಲ್ಲ? ಖರೇ ಹೇಳು. ಇನ್ನಾ ಅದಾಳಲ್ಲ?"

"ಅದಾಳ, ಅದಾಳ" ಎಂದೆ. "ಛಂದ ಅದಾಳ."

ಅವಳು ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನ ಮಾತನ್ನು ಅವಳು ಸಮಾಧಾನದ ಮಾತೆಂದು ತಿಳಿದಳು. ಸಾಯುತ್ತಿರುವವರ ಮನೆಯವರಿಗೆ ಎಲ್ಲರೂ ಹೇಳುವಂಥದ್ದು. ಅವಳು ಯಾವ ಸುದ್ದಿ ಕೇಳಿ ಬಂದಿದ್ದಾಳೆಂದು ನನಗೆ ಆಗಲೇ ಹೊಳೆಯಿತು.

"ನೀನೂ ಬಾ ನನ್ನ ಜೋಡಿ" ಎಂದಳು. "ನಿನ್ನೆ ರಾತ್ರಿ ರೈಲಿಂದ ಇಳದು ಕಾನ್ವೆಂಟಿನಾಗ ಮಲಗಿದ್ದೆ. ಅಲ್ಲಿ ದಿನಾ ಸಾಯವರನ್ನ ನೋಡ್ತಿದ್ದೆ, ಹೆದರಿಲ್ಲ. ಅವ್ವನ್ನ ನೋಡಾಕ ಒಬ್ಬಾಕಿಗೆ ಧೈರ್ಯ ಸಾಲವಲ್ದು."

ಸೀರೆ ಬದಲಿಸುವ ನೆಪದಲ್ಲಿ ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

ಅವಳನ್ನು ಕರೆಸಿದ ಕಾಗದ ಬರೆದವಳು ನಾನು. ದೀಪಾವಳಿ ಕಳೆದ ವಾರ ಅವಳ ತಾಯಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹೊತ್ತುಕೊಂಡು ಕಮಲಾಪುರದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಿದ್ದಳು. ಗಂಡ ತೀರಿಕೊಂಡು, ಹಿರಿಯ ಮಗ ಸೊಸೆಯ ಜೊತೆ ಇದ್ದಳು. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆ, ಉಣ್ಣಲು ಉಡಲು ಏನೂ ಕಡಿಮೆಯಿರಲಿಲ್ಲ. ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಮಾಡಿಸಿ, ಅದು ಕೆಟ್ಟು, ಇನ್ನೊಂದನ್ನು ಮುಟ್ಟಗೊಡುತ್ತಿರಲಿಲ್ಲ.

"ಅವರ ಮಠದ ದೊಡ್ಡ ಸಿಸ್ಟರಿಗೆ ಇಂಗ್ಲಿಷಿನಾಗ ಒಂದು ಕಾಗದ ಬರಿ ತಂಗಿ" ಎಂದಿದ್ದಳು. "ಪೂರಾ ಕುರುಡಿ ಆಗೂದ್ರಾಗ ಮಗಳ ಮಾರಿ ಒಂದ್ಸಲ ನೋಡಬೇಕು. ನಡುವ ಒಂದ್ಸಲ ರಜಾ ಬಂದಿತ್ತಂತ. ಜೋಡಿ ಇದ್ದ ಮುದುಕಿ ಸಿಸ್ಟರಿಗೆ ಬಿಟ್ಟು ಕೊಟ್ಟಳಂತ, ಹುಚ್ಚಿ."

ನಾನು ಗೆರೆಯ ಹಾಳೆ ತೆಗೆದುಕೊಂಡು ಕೂತೆ. ಹೊರಗಿನ ಕಟ್ಟೆಯ ಮೇಲೆ ಪಕ್ಕದ ಮನೆಯಾಕೆ ಅವರೆಕಾಯಿ ಸುಲಿಯುತ್ತ ನಮ್ಮ ಮಾತು ಕೇಳುತ್ತಿದ್ದಳು. ಎಷ್ಟೋ ವರ್ಷದಿಂದ ಇಂಗ್ಲಿಷಿನಲ್ಲಿ ಒಂದು ಸಾಲೂ ಬರೆಯದ ನನ್ನ ಕೈ, ಪೆನ್ನು ಹಿಡಿದ ಕೂಡಲೇ ತಾನೇ ಓಡತೊಡಗಿತು. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ ಕಾಗದವೆಂದರೆ ರಜೆಯ ಅರ್ಜಿ. ಅದರ ಎರಡನೆಯ ಸಾಲು ಎಲ್ಲರದ್ದೂ ಒಂದೇ: ನನ್ನ ತಾಯಿ ತೀವ್ರ ಅಸ್ವಸ್ಥರಾಗಿರುವುದರಿಂದ. ಸೋದರತ್ತೆಯ ಮದುವೆಗೆ ಹೋಗಲಿ, ಉರುಸಿಗೆ ಹೋಗಲಿ, ಮೈಗೆ ಹುಷಾರಿಲ್ಲದೆ ಇರಲಿ, ನಾವು ಬರೆಯುತ್ತಿದ್ದುದು ಅದನ್ನೇ. ಓದುವ ಸಿಸ್ಟರಿಗೂ ಅದು ಗೊತ್ತಿತ್ತು. ನಗುತ್ತ ಸಹಿ ಹಾಕುತ್ತಿದ್ದರು. ಕುರುಡಾಗುವುದರೊಳಗೆ ಮಗಳ ಮುಖ ನೋಡಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ನನಗೆ ತೋಚಲಿಲ್ಲ. ತೋಚುವವರೆಗೆ ಕೂತಿದ್ದರೆ ತೋಚುತ್ತಿತ್ತೇನೋ. ಸಿದ್ಧವಾಗಿದ್ದ ಸಾಲು ಎಷ್ಟು ದುಂಡಗೆ ಇಳಿಯಿತೆಂದರೆ, ಬರೆದು ಮುಗಿಸಿ ಎತ್ತಿ ಹಿಡಿದು ನಾನೇ ಮೆಚ್ಚಿಕೊಂಡೆ. ಮುದುಕಿ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಹೆಚ್ಚೆಂದರೆ ಒಂದು ತಿಂಗಳ ರಜೆ ಕೊಟ್ಟಾರು ಎಂದುಕೊಂಡಿದ್ದೆ.

ಬಸ್ಸು ಗಂಜ್ ಮಾರುಕಟ್ಟೆ ದಾಟುವಾಗ ಹೊಸ ತೊಗರಿಯ ಲಾರಿಗಳು ಅಡ್ಡ ನಿಂತು ಬಹಳ ಹೊತ್ತಾಯಿತು. ಅವಳು ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಿದ್ದಳು. ಆ ಹೊತ್ತೇ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದದ್ದನ್ನು ಕಂಡಕ್ಟರ್ ತಡೆದ: "ಏ ಅಕ್ಕಾರ, ಚೀಲಾ ಕಾಲಬುಡಕ ಇಡ್ರಿ, ಸೀಟಿನ ಮ್ಯಾಲ ಇಡಾಕ ಅದಕ್ಕೇನು ಟಿಕೇಟ ತಗೊಂಡೀರಿ?" ಅವಳು ನಕ್ಕು ಚೀಲ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ತಾನೇ ಮಾತು ತೆಗೆದಳು.

ಅಲ್ಲಿ ಅವರು ಇಬ್ಬರೇ ಸಿಸ್ಟರುಗಳು. ಒಬ್ಬರು ವಯಸ್ಸಾದವರು, ಮೊಣಕಾಲು ನೋವು. ಇವಳದೇ ಎಲ್ಲ ಓಡಾಟ. ಏಡ್ಸ್ ಎಂಬ ಆ ದೊಡ್ಡ ರೋಗ ಬಂದು ಮನೆಮನೆಯಲ್ಲೂ ನಡುವಯಸ್ಸಿನವರೇ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆ ದೂರ, ಹೋದರೂ ಮಂಚ ಇಲ್ಲ. ಇವಳು ಊರಿನ ಹೆಂಗಸರನ್ನೇ ಕೂಡಿಸಿ, ರೋಗಿಯ ಮೈ ಒರೆಸುವುದು, ಹುಣ್ಣು ತೊಳೆಯುವುದು, ಮಗ್ಗಲು ಬದಲಿಸುವುದು ಕಲಿಸಿದಳು. ವಾರಕ್ಕೆ ಎರಡು ದಿನ ಸೈಕಲ್ಲಿನ ಹಿಂದೆ ಸಾಬೂನು, ಗುಳಿಗೆ, ಬಿಳಿ ಮೆಕ್ಕೆಜೋಳದ ಹಿಟ್ಟು ಕಟ್ಟಿಕೊಂಡು ಕೆಂಪು ಮಣ್ಣಿನ ದಾರಿಯಲ್ಲಿ ಹೋಗುತ್ತಿದ್ದರು.

"ಅವರೂ ನಮ್ಮಂಗನ" ಎಂದಳು. "ಮಕ್ಕಳಾದಾಕಿನ ಹೆಸರು ಹಿಡಿದು ಕರಿಯಂಗಿಲ್ಲ, ಇಂಥಾಕಿ ತಾಯಿ ಅಂತಾರ. ನನಗ ಮಕ್ಕಳಿಲ್ಲಲ್ಲ, ಏನಂತ ಕರೀಬೇಕಂತ ಅವರಿಗೆ ಭಾಳ ಕಷ್ಟ ಆಗಿತ್ತು. ಕಡೀಗೆ ಸೈಕಲ್ ತಾಯಿ ಅಂದ್ರು."

ಇಬ್ಬರೂ ನಕ್ಕೆವು. ಬಸ್ಸು ಹುಮನಾಬಾದ್ ರಸ್ತೆ ಹಿಡಿದು ಜೋರಾಯಿತು.

ಆ ಹೆಂಗಸರಲ್ಲಿ ಒಬ್ಬಳು ಮೊದಲ ದಿನದಿಂದ ಇವಳ ಜೊತೆಗಿದ್ದವಳು. ಭಾಷೆ ಕಲಿಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು. ಕಳೆದ ವರ್ಷ ಅವಳೇ ಹಾಸಿಗೆ ಹಿಡಿದಳು. ಎರಡು ಸಣ್ಣ ಹೆಣ್ಣುಮಕ್ಕಳು. ಎಷ್ಟೋ ಜನರ ಕೊನೆಯ ಸೇವೆಯನ್ನು ಕೈಯಾರೆ ಮಾಡಿದವಳಿಗೆ ಒಂದೇ ಆಸೆ: ತಾನು ಸತ್ತ ಮೇಲೆ ತನ್ನ ಮೈಯನ್ನು ಇವಳೇ ತೊಳೆದು ಕಳಿಸಬೇಕು, ಬೇರೆಯವರ ಕೈಗೆ ಬಿಡಬಾರದು. ಇವಳು ಮಾತು ಕೊಟ್ಟಿದ್ದಳು.

"ಮಠದ ದೊಡ್ಡ ಸಿಸ್ಟರ್ ಕಾಗದ ಬಂತು. ತಾಯಿ ತೀವ್ರ ಅಸ್ವಸ್ಥ, ಕೂಡಲೇ ಊರಿಗೆ ಹೊರಡು ಅಂತ. ಆಕಿ ಹಂತ್ಯಾಕ ಹೋಗಿ ಕೂತೆ, ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ. ಆಕಿನೇ ನನ್ನ ಮಾರಿ ನೋಡಿ ಕೇಳಿದಳು. ಹೇಳಿದೆ. ಆಕಿ ಅಂದಳು: ಹೋಗು, ತಾಯಿ ಮೊದಲು. ಕೊಟ್ಟ ಮಾತಿಂದ ನಾ ನಿನ್ನ ಬಿಟ್ಟೀನಿ."

ಅವಳು ಮುಖ ಕಿಟಕಿಗೆ ತಿರುಗಿಸಿದಳು. ತೊಗರಿ ಕೊಯ್ದ ಕರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಇಷ್ಟು ಕೇಳಿದ ಮೇಲೆ ಹೇಳುವುದು ಹೇಗೆ? ಹೇಳದೆ ಇರುವುದು ಹೇಗೆ? ಟಿಕೇಟನ್ನು ಬೆರಳಲ್ಲಿ ಸುರುಳಿ ಸುತ್ತುತ್ತ, ಬಿಚ್ಚುತ್ತ, ಕಮಲಾಪುರ ಬರುವವರೆಗೂ ಕೂತೆ.

ಅವಳ ತಾಯಿ ಅಂಗಳದ ಬಿಸಿಲಿನಲ್ಲಿ ಮೊರ ಹಿಡಿದು ತೊಗರಿಬೇಳೆ ಕೇರುತ್ತಿದ್ದಳು. ಕಣ್ಣು ಕಾಣದ್ದಕ್ಕೆ ಬೆರಳಿನಿಂದಲೇ ಹರಳು ಹುಡುಕಿ ಬಿಸಾಡುತ್ತ, ಒಳಗಿದ್ದ ಸೊಸೆಯನ್ನು ದೊಡ್ಡ ದನಿಯಲ್ಲಿ ಬಯ್ಯುತ್ತಿದ್ದಳು: "ಒಲಿ ಮ್ಯಾಲಿಂದು ಹೊತ್ತತದ, ಮೂಗಿಗರ ವಾಸನಿ ಬರೂದಿಲ್ಲೇನು ನಿನಗ?"

ನನ್ನ ಪಕ್ಕದಲ್ಲಿ ಹೆಜ್ಜೆ ನಿಂತಿತು. ಅವಳು ಬೇಲಿಯ ಹತ್ತಿರವೇ ನಿಂತುಬಿಟ್ಟಿದ್ದಳು. ತಾಯಿಯ ಗಟ್ಟಿ ದನಿ, ಬಿಸಿಲಿಗೆ ಕೆಂಪಾದ ಮುಖ, ಮೊರ ಎತ್ತಿ ಕೇರುವ ತೋಳು, ಒಂದೊಂದನ್ನೇ ನೋಡುತ್ತಿದ್ದಳು. ಸಂತೋಷವೋ ಏನೋ ಮುಖದ ಮೇಲೆ ಬಂತು. ಅದರ ಹಿಂದೆಯೇ ಇನ್ನೊಂದು ಬಂತು. ಅದನ್ನು ನೋಡಲಾರದೆ ನಾನು ನೆಲ ನೋಡಿದೆ.

ಆಮೇಲಿನದೆಲ್ಲ ಅಳು, ನಗು, ಗದ್ದಲ. ಮುದುಕಿ ಎರಡೂ ಕೈಯಿಂದ ಮಗಳ ಮುಖ ಸವರಿ, ಹಣೆ ಹತ್ತಿರ ಹಣೆ ತಂದು, "ಕಂಡಿ, ನನ ಮಗಳ, ಕಂಡಿ. ಮಸುಕ ಮಸುಕ ಕಂಡಿ. ಸಾಕು" ಎಂದಳು. ಮಗಳು ಒಳಗಿಂದ ನೀರು ತಂದು, ಎರಡೂ ಮೊಣಕಾಲೂರಿ ಕೂತು ತಂಬಿಗೆ ಕೊಟ್ಟಳು. ಅಣ್ಣನ ಮಕ್ಕಳು ಕಿಸಕ್ಕನೆ ನಕ್ಕವು.

"ಇದೇನಿದು ಚರ್ಚಿನಾಗ ಕೂತಂಗ ಕುಂತಾಳ?" ಎಂದಳು ಸೊಸೆ.

"ಅಲ್ಲಿ ಹಿರಿಯರಿಗೆ ಹಿಂಗೇ ಕೊಡ್ತಾರ ವೈನಿ. ರೂಢಿ ಆಗ್ಯದ" ಎಂದು ಅವಳು ಎದ್ದಳು.

ಊಟ ಮುಗಿದ ಮೇಲೆ ಕೇಳಿದಳು. ಯಾರ ಮೇಲೂ ಸಿಟ್ಟಿಲ್ಲದ ದನಿ.

"ಅವ್ವಾ, ನಿನಗ ಏನಾಗಿತ್ತು? ಸಾಯಾಕತ್ತೀಯಂತ ಬರದಿದ್ರು."

"ಸಾಯಾಕ? ನನಗ?" ಮುದುಕಿ ಬೆರಗಾದಳು. "ಹಾಂಗ ಯಾರು ಬರಸ್ಯಾರ? ಕಣ್ಣಿಂದು ಬರಿ ಅಂತ ಹೇಳಿದ್ದೆ. ಈಕಿನೇ ಬರದಾಳ, ಕೇಳು. ಎಷ್ಟ ಚಂದ ಬರೀತಾಳ, ಪೆನ್ನು ನಿಲ್ಲಲೇ ಇಲ್ಲ ನೋಡು."

ಅವಳು ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ರಜೆ ಅರ್ಜಿ, ಎರಡನೆಯ ಸಾಲು, ಕೈ ತಾನೇ ಬರೆಯಿತು, ಇಷ್ಟು. ಬೆಳಿಗ್ಗೆಯೇ ಹೇಳಬೇಕಿತ್ತು ಎಂದೂ ಹೇಳಿದೆ.

ಅವಳಿಗೆ ನಗು ಬಂತು. ನಿಜವಾದ ನಗು, ಬೆಂಚಿನ ಮೇಲಿನ ನಗು. "ನಾವಿಬ್ಬರೂ ಅದನ್ನ ಬರದು ಕ್ವಾಟಿ ಬುರುಜ ನೋಡಾಕ ಹೋಗಿದ್ದೆವಲ್ಲೇ" ಎಂದಳು. ಹಾಗೆನ್ನುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾನು ಅವಳ ಭುಜ ಹಿಡಿದೆ. "ದೊಡ್ಡ ಸಿಸ್ಟರಿಗೆ ನಾನೇ ಮತ್ತೊಂದು ಕಾಗದ ಬರೀತೀನಿ. ತಪ್ಪು ನಂದು ಅಂತ ಬರೀತೀನಿ. ನೀ ತಿರುಗಿ ಹೋಗು. ಆಕಿ ಇನ್ನಾ ಇದ್ದಾಳು."

"ಎಲ್ಲಿಗೆ ಹೋಗ್ಲಿ?" ಎಂದಳು. "ನಾ ಹೊಂಟರ ಮುದುಕಿ ಸಿಸ್ಟರ್ ಒಬ್ಬಾಕಿನೇ ಇರಾಕ ಆಗಂಗಿಲ್ಲಂತ ಆಕಿನ್ನ ಪಟ್ಟಣಕ್ಕ ಕರಕೊಂಡ್ರು. ಮನಿ ಮುಚ್ಯಾರ. ಬೀಗ ನಾನೇ ಹಾಕಿ ಕೀಲಿ ಕೊಟ್ಟು ಬಂದೀನಿ. ಇಲ್ಲಿ ನನಗ ಬೀದರ್ ಕಡೆ ಒಂದು ದವಾಖಾನಿ ಕೊಟ್ಟಾರ, ಮುಂದಿನ ವಾರ ಸೇರಬೇಕು."

"ಒಂದ್ಸಲ ಕೇಳಿ ನೋಡು. ನಿನ್ನ ಕೇಳಿಯಾದರೂ ಇಲ್ಲಿಗೆ ಕಳಸ್ಯಾರೇನು?"

"ನಮ್ಮಲ್ಲಿ ಕೇಳೂದಿಲ್ಲ. ಬಾ ಅಂದ್ರ ಬರೂದು. ಹಾಂಗಂತ ವಚನ ಕೊಟ್ಟೀನಿ." ಸೆರಗಿನ ತುದಿ ಮಡಚುತ್ತ, "ಆಕಿಗೂ ಒಂದು ಕೊಟ್ಟಿದ್ದೆ" ಎಂದಳು.

ಅಂಗಳದಲ್ಲಿ ಮುದುಕಿ ಮೊಮ್ಮಕ್ಕಳಿಗೆ ಹೇಳುತ್ತಿದ್ದಳು, ನಿಮ್ಮ ಅತ್ತಿ ಬೀದರಿಗೆ ಬರ್ತಾಳಂತ, ತಿಂಗಳಿಗೊಮ್ಮೆ ಬಂದು ಹೋಗ್ತಾಳಂತ. ಆ ಖುಷಿಯ ಮುಂದೆ ನಾವಿಬ್ಬರೂ ದನಿ ತಗ್ಗಿಸಿದೆವು. ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅದಕ್ಕೇ ಬಯ್ಯಲಿಲ್ಲವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಆದರೆ ಅವಳು ಅಂಥವಳಲ್ಲ. ಅಲ್ಲಿ ಆ ಹೆಂಗಸು ಆ ವರ್ಷದ ಮಳೆ ನಿಲ್ಲುವುದರೊಳಗೆ ತೀರಿಕೊಂಡಳಂತೆ. ಮೈ ತೊಳೆದವರು ಯಾರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾನೊಬ್ಬಳೇ ಸಂಜೆಯ ಬಸ್ಸಿಗೆ ಹಿಂತಿರುಗಿದೆ. ಬಸ್ ಸ್ಟ್ಯಾಂಡಿನವರೆಗೆ ಅವಳು ಬಂದು, ಬಸ್ಸು ತಿರುಗುವವರೆಗೂ ನಿಂತಿದ್ದಳು. ಕೈ ಎತ್ತಿದಳು, ಬೀಸಲಿಲ್ಲ.

ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕೂತು ಮೊಮ್ಮಗಳ ಜಡೆ ಬಿಚ್ಚುತ್ತಿದ್ದಳು.

"ಬೆಳಿಗ್ಗೆ ಬಂದಾಕಿ ಆಫ್ರಿಕಾದಾಗ ಇದ್ದ ನಿಮ್ಮ ಗೆಳತಿ ಅಂತಲ್ಲ? ಸಿಸ್ಟರ್ ಬಾಯಿ ಬಂದಿದ್ರು ಅಂದ ಕೂಡ್ಲೇ ನಿಮ್ಮ ಮಗಳು ಹೇಳಿದಳು. ನಾ ಚಂದಾದವರು ಅಂದೆ ನೋಡ್ರಿ." ಹಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ತೆಗೆದಳು. "ಅಷ್ಟ ದೂರದಾಕಿನ್ನ ಒಂದ ಕಾಗದದಾಗ ತರಸಿದ್ರಿ ಅಂದ್ರ ನಿಮ್ಮ ಇಂಗ್ಲಿಷ ಛಲೋ ಅದ ಬಿಡ್ರಿ ವೈನಿ. ನಮ್ಮ ಅಳಿಯಂದೂ ರಾಯಚೂರಿಂದ ಇಲ್ಲಿಗೆ ಬದ್ಲಿ ಆಗಬೇಕಾಗ್ಯದ, ಪುರಸತ್ತಾದಾಗ ಅಂಥಾದ್ದೇ ಒಂದು ಅರ್ಜಿ ಬರದು ಕೊಡ್ರಿ."