ಗೂಬೆಮುಖದ ಯೋಧನ ಮುರಿದ ರೆಕ್ಕೆ

ನನ್ನ ಬಲಗೈ ಮಣಿಕಟ್ಟಿನ ಮೂಳೆ ಮುರಿದದ್ದು ಒಂದು ಗೊಂಬೆ ನೋಡಲು ಹೋದಾಗ. ಹೀಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಕೈಯ ಮೇಲಿನ ಹೊಲಿಗೆಯ ಗುರುತು ನೋಡಿ ಏನಾಯಿತು ಎಂದು ಕೇಳುತ್ತಾರೆ.

ಹುಬ್ಬಳ್ಳಿಯಲ್ಲಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಪ್ಲಾಸ್ಟಿಕ್ಕು, ಬಣ್ಣ, ಅಂಟಿನ ನಡುವೆಯೇ ಇರುತ್ತೇನೆ. ಮನೆಗೆ ಬಂದರೂ ಅದೇ, ಯಾಕೆಂದರೆ ಚಿಕ್ಕಂದಿನಲ್ಲಿ ಟೀವಿಯಲ್ಲಿ ನೋಡಿದ ಕಾರ್ಟೂನುಗಳ ಗೊಂಬೆಗಳನ್ನು ಕೂಡಿಡುವ ಹುಚ್ಚು ನನಗೆ. ಗೊಂಬೆ ಅಸಲಿಯೋ ನಕಲಿಯೋ, ಎಲ್ಲಿ ಮುರಿದು ಅಂಟಿಸಿದ್ದಾರೆ, ಎಲ್ಲಿ ಮೇಲೆ ಬಣ್ಣ ಬಳಿದಿದ್ದಾರೆ ಎಂದು ನೋಡಿ ಹೇಳುತ್ತೇನೆ ಅನ್ನುವ ಮಾತು, ಇಂಥವನ್ನು ಕೊಳ್ಳುವ ಮಾರುವ ನಾಲ್ಕು ಜನರಲ್ಲಿ ಹರಡಿತ್ತು.

ಹಾಗೆ ಕೇಳಿಕೊಂಡೇ ಒಬ್ಬ ತರುಣ ಫೋನು ಮಾಡಿದ. ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುವವನು. ಮುಂಬೈಯ ಸೋದರಮಾವ ಚಿಕ್ಕಂದಿನಲ್ಲಿ ಕೊಟ್ಟ ಗೂಬೆಮುಖದ ಯೋಧನ ಗೊಂಬೆ ಅವನ ಬಳಿ ಇತ್ತು. ಬೆನ್ನಿನ ಗುಂಡಿ ಒತ್ತಿದರೆ ರೆಕ್ಕೆ ಬಿಚ್ಚುವಂಥದು. ಪುಣೆಯ ಒಬ್ಬರು ಅದನ್ನು ಕೊಳ್ಳಲು ಕೇಳುತ್ತಿದ್ದರು.

"ಗೊತ್ತಿದ್ದವರು ಯಾರರೆ ನೋಡಿ, ಹೆಂಗೈತಿ ಅಂತ ಹೇಳಬೇಕಂತರಿ ಅಕ್ಕಾರ. ಆದ್ರ ನಮ್ಮವ್ವ ಅದನ್ನ ಹೊರಗ ಒಯ್ಯಾಕ ಬಿಡವಲ್ಲಳು. ಮನೀಗೇ ಬರ್ತೀರೇನ್ರಿ?"

ಭಾನುವಾರ ಮಧ್ಯಾಹ್ನ ಹೋದೆ. ಹುಬ್ಬಳ್ಳಿಯಲ್ಲೇ ಗೋಕುಲ ರಸ್ತೆಯಿಂದ ಒಳಗೆ ಅವನ ತಂದೆತಾಯಿ ಇರುವ ಜಾಗ, ಮುಂದೆ ಲೇತ್ ಮಷೀನಿನ ವರ್ಕ್‌ಶಾಪು, ಹಿಂದೆ ಮನೆ. ವರ್ಕ್‌ಶಾಪು ಅವನ ಅಪ್ಪನದು, ಅಂದು ರಜೆ. ಅಪ್ಪ ಉಂಡು ಒಳಕೋಣೆಯಲ್ಲಿ ಮಲಗಿದ್ದಾರೆ ಎಂದು ಅವನು ಹೇಳಿದ. ಹೇಳುವಾಗ ಅವನ ದನಿ ತಾನಾಗಿಯೇ ತಗ್ಗಿತು. ಅವನ ತಾಯಿ ಗೊಂಬೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಂದರು. ನನ್ನ ಕೈಗೆ ಕೊಡದೆ ಟೀಪಾಯಿಯ ಮೇಲಿಟ್ಟು, ಗೋಡೆಗೆ ಒರಗಿ ನಿಂತರು.

ನಾನು ಟಾರ್ಚು, ಭೂತಗನ್ನಡಿ ತೆಗೆದು ಶುರುಮಾಡಿದೆ. ಕಂಡದ್ದನ್ನು ಕಂಡ ಹಾಗೆ ಬಾಯಿಬಿಟ್ಟು ಹೇಳುತ್ತ ಹೋಗುವುದು ನನ್ನ ರೂಢಿ.

"ಪಾದದ ಕೆಳಗ ಕಂಪನಿ ಅಚ್ಚು ಸರಿ ಐತಿ. ಅಸಲೀದೇ. ಮುಖದ ಬಣ್ಣ ಮೂಲದ್ದೇ ಐತಿ. ಎಡಗಡೆ ರೆಕ್ಕಿ ಬುಡದಾಗ ಮುರದೈತಿ, ಆಮ್ಯಾಲೆ ಅಂಟಿಸ್ಯಾರ."

"ಅದು ನಾನ ಮುರದದ್ದರಿ," ಅಂದ ತರುಣ ನಗುತ್ತ. "ಸಣ್ಣಾವಿದ್ದಾಗ. ಹೆಂಗ ಮುರದ್ನೋ ನೆನಪಿಲ್ಲ. ಅದಕ್ಕ ಅಪ್ಪ ಬೆಲ್ಟ್ ತಗೊಂಡು ಬಾರಿಸಿದ್ದ. ಎರಡು ದಿನ ಸಾಲಿಗೆ ಹೋಗಾಕಾಗಿರಲಿಲ್ಲ."

ನಾನು ಬಿರುಕಿನ ಮೇಲೆ ಟಾರ್ಚು ಹಿಡಿದೆ. ಆಡುತ್ತ ಆಡುತ್ತ ಸವೆದು ಮುರಿದ ಕೀಲು ಬೇರೆ ಥರ ಇರುತ್ತದೆ. ಇಲ್ಲಿ ದಪ್ಪ ಪ್ಲಾಸ್ಟಿಕ್ಕು ಒಂದೇ ಏಟಿಗೆ ಸಿಡಿದಿತ್ತು.

"ಇದು ಆಟದಾಗ ಮುರದಿದ್ದಲ್ಲಪಾ. ಯಾರೋ ಕಾಲು ಹಿಡಕೊಂಡು ಜೋರ್ ಬೀಸಿ ಹೊಡದಾರ. ಸಣ್ಣ ಹುಡುಗನ ಕೈಯಾಗ ಇಷ್ಟು ಕಸುವು ಇರೂದಿಲ್ಲ." ರೆಕ್ಕೆಯ ಸಂದಿಯಲ್ಲಿ ಏನೋ ಕಂದುಬಣ್ಣದ್ದು ಒಣಗಿ ಕೂತಿತ್ತು. "ಇಲ್ಲಿ ಬಣ್ಣ ಮೆತ್ತೇತಿ. ಇದು ಕಂಪನಿ ಬಣ್ಣ ಅಲ್ಲ."

"ಬಣ್ಣ ಅಲ್ಲ ತಂಗಿ," ಅಂದರು ತಾಯಿ. "ನನ್ನ ರಕ್ತ ಅದು."

ಅವರು ತಲೆಯ ಸೆರಗು ಸರಿಸಿ ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಬಿಡಿಸಿದರು. ಅಲ್ಲಿ ಕೂದಲೇ ಬೆಳೆಯದ ಒಂದು ಬಿಳಿ ಗೆರೆ ಇತ್ತು.

ತರುಣ ನಗುವುದನ್ನು ನಿಲ್ಲಿಸಿದ. "ಬಚ್ಚಲದಾಗ ಬಿದ್ದೆ ಅಂದಿದ್ದಿ ಅಲ್ಲೇನವ್ವಾ."

"ನೀ ಸಾಲಿಗೆ ಹೋಗಿದ್ದಿ. ಪಲ್ಯಾಕ ಉಪ್ಪು ಹೆಚ್ಚಾಗಿತ್ತು. ನಿಮ್ಮಪ್ಪನ ಕೈಗೆ ಇದು ಸಿಕ್ತು, ಇದರಲೇ ಹೊಡದರು. ರೆಕ್ಕಿ ಯಾಕ ಮುರೀತು ಅಂತ ನೀ ಕೇಳೂದರಾಗ, ನೀನ ಮುರದೀ ಅಂತ ನಿನಗ ಹೊಡದರು. ನಾ ಬಾಯಿ ಬಿಡಲಿಲ್ಲ."

ಒಳಕೋಣೆಯ ಬಾಗಿಲು ದಡಾರನೆ ತೆರೆಯಿತು. ಮಲಗಿದ್ದಾರೆ ಅಂದುಕೊಂಡ ಮನುಷ್ಯ ಎಲ್ಲ ಕೇಳಿಸಿಕೊಂಡಿದ್ದ. ಅರವತ್ತು ದಾಟಿದ್ದರೂ ಕಬ್ಬಿಣ ಹೊತ್ತ ತೋಳು. ನನ್ನ ಕಡೆ ನೋಡಲೂ ಇಲ್ಲ. ಸೀದಾ ಹೋಗಿ ಹೆಂಡತಿಯ ತುರುಬಿಗೆ ಕೈಹಾಕಿ ತಲೆಯನ್ನು ಗೋಡೆಗೆ ಹೊಡೆದ. ತೆಂಗಿನಕಾಯಿ ಒಡೆದಂಥ ಸದ್ದು ಬಂತು.

"ಹೊರಗಿನವರ ಮುಂದ ನನ್ನ ಮರ್ಯಾದಿ ತಗೀತಿ ಏನ?"

ಇನ್ನೊಮ್ಮೆ ಹೊಡೆದ. ನಾನು "ಬಿಡ್ರಿ, ಬಿಡ್ರಿ" ಎಂದು ಚೀರುತ್ತ ಅವನ ಅಂಗಿ ಹಿಡಿದು ಜಗ್ಗಿದೆ. ಅವನು ಟೀಪಾಯಿಯ ಮೇಲಿದ್ದ ನೀರಿನ ತಾಮ್ರದ ತಂಬಿಗೆ ತೆಗೆದುಕೊಂಡು ನನ್ನತ್ತ ತಿರುಗಿದ. ಮುಖಕ್ಕೆ ಕೈ ಅಡ್ಡ ಹಿಡಿದೆ. ತಂಬಿಗೆಯ ಅಂಚು ಮಣಿಕಟ್ಟಿಗೆ ಬಿತ್ತು. ನೋವು ಬರುವುದಕ್ಕಿಂತ ಮುಂಚೆ ಮೂಳೆಯ ಸದ್ದು ಕೇಳಿಸಿತು. ನೀರು, ರಕ್ತ ಎರಡೂ ಫರಸಿಕಲ್ಲಿನ ನೆಲದ ಮೇಲೆ ಹರಿದವು. ಟೀಪಾಯಿಯಿಂದ ಬಿದ್ದು ಕಾಲಿಗೆ ಸಿಕ್ಕ ಗೊಂಬೆಯನ್ನು ಅವನು ತುಳಿದ. ಪುಡಿಯಾಗುವವರೆಗೆ ತುಳಿಯುತ್ತಲೇ ಇದ್ದ.

ಅಲ್ಲಿಯವರೆಗೆ ಕಂಬದ ಹಾಗೆ ನಿಂತಿದ್ದ ಮಗ ಆಗ ಅಪ್ಪನ ಮೇಲೆ ಬಿದ್ದ. ಮೊದಲು ಮುಷ್ಟಿಯಿಂದ ಮುಖಕ್ಕೆ ಹೊಡೆದ. ಮುದುಕನ ತುಟಿ ಸೀಳಿತು, ಒಂದು ಹಲ್ಲು ಹೊರಬಿತ್ತು. ಆಮೇಲೆ ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತು ಎರಡೂ ಕೈಯಿಂದ ಕುತ್ತಿಗೆ ಹಿಸುಕತೊಡಗಿದ. ಒಂದು ಮಾತಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವವನ ಹಾಗೆ ಮುಖ ತಣ್ಣಗಿತ್ತು. ಅದನ್ನು ನೋಡಿ ನನಗೆ ಅಪ್ಪನಿಗಿಂತ ಅವನೇ ಹೆಚ್ಚು ಭಯಂಕರವಾಗಿ ಕಂಡ.

ಮುದುಕನ ಕಣ್ಣು ಹೊರಬಂದವು. ಕಾಲು ನೆಲಕ್ಕೆ ಬಡಿಯುತ್ತಿದ್ದದ್ದು ನಿಧಾನವಾಯಿತು. ತಾಯಿ ಗೋಡೆಯ ಬುಡದಲ್ಲಿ ಕುಸಿದು ಕೂತು ನೋಡುತ್ತಿದ್ದರು. ಬಿಡು ಅನ್ನಲಿಲ್ಲ.

ನಾನು ಎಡಗೈಯಿಂದ ಎಷ್ಟು ಜಗ್ಗಿದರೂ ಅವನು ಕದಲಲಿಲ್ಲ. ಬೇರೆ ಏನೂ ತೋಚದೆ ಬಗ್ಗಿ ಅವನ ಕೈಯ ಹಿಂಭಾಗವನ್ನು ಕಚ್ಚಿದೆ. ಚರ್ಮ ಹರಿದು ಬಾಯಿಗೆ ಉಪ್ಪುಪ್ಪು ರಕ್ತ ಬರುವವರೆಗೆ ಕಚ್ಚಿದೆ. ಆಗ ಅವನು ಎಚ್ಚರಾದವನ ಹಾಗೆ ಕೈ ಸಡಿಲಿಸಿ ಹಿಂದಕ್ಕೆ ಬಿದ್ದ. ಮುದುಕ ಕೆಮ್ಮಿದ. ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಿದ್ದರು.

ಆಸ್ಪತ್ರೆಗೆ ನಾವು ನಾಲ್ವರೂ ಹೋದೆವು. ತಾಯಿಯ ತಲೆಗೂ ನನ್ನ ಕೈಗೂ ಹೊಲಿಗೆ ಬಿದ್ದವು. ಪೊಲೀಸರು ಬಂದು ಕೇಳಿದಾಗ, ಆ ತಾಯಿ ಮದುವೆಯಾದ ವರ್ಷದಿಂದ ಹಿಡಿದು ಎಲ್ಲ ಹೇಳಿದರು. ನಡುವೆ ಒಮ್ಮೆ ನೀರು ಕೇಳಿದ್ದು ಬಿಟ್ಟರೆ ನಿಲ್ಲಿಸಲಿಲ್ಲ. ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ನಾಲ್ಕೈದು ಸಲ ಪೆನ್ನು ಕೆಳಗಿಟ್ಟಳು. ಗಂಡನ ಮೇಲೆ ಕೇಸು ನಡೆಯುತ್ತಿದೆ. ನಾನೂ ಸಾಕ್ಷಿ ಹೇಳುವವಳಿದ್ದೇನೆ.

ತಾಯಿ ಈಗ ಧಾರವಾಡದಲ್ಲಿ ಮಗನ ಬಾಡಿಗೆ ಮನೆಯಲ್ಲಿದ್ದಾರೆ. ಪ್ಲಾಸ್ಟರು ಬಿಚ್ಚಿದ ಮೇಲೆ ಒಮ್ಮೆ ಹೋಗಿದ್ದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದರು. ಮಗ ಮಾತ್ರ ಸರಿಯಾಗಿ ಉಣ್ಣಲಿಲ್ಲ. ಅವನಿಗೆ ನಿಶ್ಚಯವಾಗಿದ್ದ ಹೆಣ್ಣಿನ ಮನೆಗೆ ಅವನೇ ಫೋನು ಮಾಡಿ, ಮದುವೆ ಬ್ಯಾಡ ಅಂದಿದ್ದನಂತೆ.

"ಖರೇ ಹೇಳ್ರಿ ಅಕ್ಕಾರ, ನೀವು ಕಚ್ಚದಿದ್ರ ನಾ ಕೊಂದ ಬಿಡ್ತಿದ್ದೆ. ನಾನೂ ಅವನ ಮಗನ. ನಾಳೆ ಒಂದು ಹೆಣ್ಣಿನ ಮ್ಯಾಲ ಈ ಕೈ ಎತ್ತೂದಿಲ್ಲ ಅಂತ ಹೆಂಗ ಹೇಳ್ಲಿ?"

ಆ ದಿನ ಅವನ ಮುಖ ಹೇಗಿತ್ತು ಎಂದು ನಾನು ಕಣ್ಣಾರೆ ನೋಡಿದ್ದೆ.

ತಾಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. "ಈಕಿ ಕಚ್ಚಿದಳು, ನೀ ಬಿಟ್ಟಿ," ಅಂದರು. "ನಾನೂ ಕಚ್ಚಿದ್ದೆ ನಿಮ್ಮಪ್ಪನ್ನ, ಎಷ್ಟೋ ಸಲ. ಅವರು ಒಮ್ಮೆರೆ ಬಿಡಲಿಲ್ಲ."